ಹಾಲು ಸರಿಯಾಗೇ ಇದೆ

"ಕೆಟ್ಟಿದೆಯಾ ನೋಡು," ಎಂದು ಹೆಂಡತಿ ಹಾಲಿನ ಪಾತ್ರೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದವನು ತಲೆ ಎತ್ತಿದ. ಅಭ್ಯಾಸದಂತೆ ಕಣ್ಣು ಮುಚ್ಚಿ ಉಸಿರೆಳೆದ. ಏನೂ ಇರಲಿಲ್ಲ. ಹುಳಿಯಿಲ್ಲ, ಸಿಹಿಯಿಲ್ಲ, ಸ್ಟೀಲಿನ ತಣ್ಣನೆಯ ವಾಸನೆಯೂ ಇಲ್ಲ. ಇನ್ನೊಮ್ಮೆ ಎಳೆದ. ಗಾಳಿ ಒಳಗೆ ಹೋಯಿತು, ಹೊರಗೆ ಬಂತು, ಅಷ್ಟೇ.

"ಸರಿಯಾಗೇ ಇದೆ," ಅಂದ.

"ನನಗ್ಯಾಕೋ ಅನುಮಾನ."

"ಬಸುರಿ ಮೂಗನ್ನ ನಂಬಬೇಡ. ಕಾರ್ಖಾನೆ ಮೂಗನ್ನ ನಂಬು."

ಅವಳು ನಂಬಿದಳು. ಲೋಟಕ್ಕೆ ಬಗ್ಗಿಸಿಕೊಂಡು ಎರಡೇ ಗುಟುಕಿಗೆ ಕುಡಿದಳು. ಅವನು ಬೂಟಿನ ದಾರ ಕಟ್ಟುವಷ್ಟರಲ್ಲಿ ಬಚ್ಚಲಿಗೆ ಓಡಿ ಎಲ್ಲವನ್ನೂ ಕಕ್ಕಿದಳು. ಎಂಟು ತಿಂಗಳ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಅಲ್ಲಿಂದಲೇ ನಕ್ಕಳು. "ಮೂಗಪ್ಪಾ, ನಿನಗೆ ವಯಸ್ಸಾಯ್ತು ಕಣೋ! ಅರ್ಧ ಮೊಸರಾಗಿತ್ತು ಅದು!"

ಅವನೂ ನಕ್ಕ. ಆಮೇಲೆ ಊಟದ ಡಬ್ಬಿಯನ್ನು ಎತ್ತಿಕೊಂಡು, ಹೋಗಿಬರ್ತೀನಿ ಅನ್ನುವುದನ್ನೂ ಮರೆತು ಮೆಟ್ಟಿಲಿಳಿದ.

ಸೋಪಿನ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಸಂಬಳದ ದಿನ ಬಿಟ್ಟರೆ ಯಾರೂ ಇರಲಿಲ್ಲ. ಎಲ್ಲರಿಗೂ ಅವನು 'ಮೂಗು'. ಅಚ್ಚಿಗೆ ಹೋಗುವ ಮೊದಲು ಪ್ರತಿ ಬ್ಯಾಚಿನಿಂದ ಒಂದು ತುಂಡು ಅವನ ಮೇಜಿಗೆ ಬರುತ್ತಿತ್ತು. ಪಕ್ಕದಲ್ಲಿ ತಗಡಿನ ಡಬ್ಬಿಯೊಳಗೆ ಮುಚ್ಚಿಟ್ಟ ಮೂಲ ಮಾದರಿ. ಒಂದನ್ನು ಮೂಸಬೇಕು, ಮೊಣಕೈಯ ಮಡಿಕೆಯಲ್ಲಿ ತನ್ನದೇ ಅಂಗಿ ಮೂಸಿ ಮೂಗನ್ನು ಖಾಲಿ ಮಾಡಿಕೊಳ್ಳಬೇಕು, ಆಮೇಲೆ ಇನ್ನೊಂದನ್ನು ಮೂಸಬೇಕು. ಎಣ್ಣೆ ಕಮಟಿದ್ದರೆ, ಪರಿಮಳ ಒಂದು ಹನಿ ಹೆಚ್ಚುಕಡಿಮೆಯಾಗಿದ್ದರೆ ಕೆಂಪು ಚೀಟಿ. ಇಲ್ಲದಿದ್ದರೆ ಹಸಿರು. ಯಂತ್ರಗಳು ತೂಕ ನೋಡುತ್ತಿದ್ದವು, ನೀರಿನಂಶ ನೋಡುತ್ತಿದ್ದವು, ವಾಸನೆಗೆ ಮಾತ್ರ ಅವನೇ ಬೇಕಿತ್ತು. ಒಂಬತ್ತು ವರ್ಷದಲ್ಲಿ ಅವನು ಈರುಳ್ಳಿ ಬಿಟ್ಟಿದ್ದ, ಸಿಗರೇಟು ಬಿಟ್ಟಿದ್ದ, ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದ. ಹೆಂಡತಿಯನ್ನು ಮೊದಲು ಇಷ್ಟಪಟ್ಟಿದ್ದು ಕೂಡ ಅವಳ ಕೂದಲಿನ ಕ್ಲೋರಿನ್ ವಾಸನೆಗೆ. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು.

ಆ ಮೇಜಿಗೊಂದು ನಿಯಮವಿತ್ತು. ನೆಗಡಿ ಶುರುವಾದ ದಿನವೇ ಹೇಳಬೇಕು. ಹೇಳಿದವನು ಗುಣವಾಗುವವರೆಗೆ ಮೇಜಿರುವ ಮಹಡಿ ಹತ್ತುವಂತಿಲ್ಲ. ಅವನಿಗೆ ಕೆಲಸ ಕಲಿಸಿದ ಮುದುಕ, ಹಿಂದಿನ ಮೂಗು, ಒಮ್ಮೆ ಜ್ವರ ಬಂದಾಗ ನಿಯತ್ತಾಗಿ ಹೇಳಿದ್ದ. ಜ್ವರ ಹೋಯಿತು, ವಾಸನೆ ಮರಳಲಿಲ್ಲ. ಈಗ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದ. ಬೆಳಗಿನ ಪಾಳಿಯವರನ್ನು ತಡೆದು ದಿನಾ ಒಂದೇ ಪ್ರಶ್ನೆ: "ಇವತ್ತು ಯಾವುದು ಓಡ್ತಿದೆ? ಗುಲಾಬಿನಾ, ನಿಂಬೆನಾ?" ಇಡೀ ಬೀದಿಗೆ ನಿಂಬೆ ಘಮ್ಮೆನ್ನುತ್ತಿರುವಾಗ, ಅದರ ನಡುವೆ ನಿಂತುಕೊಂಡೇ ಕೇಳುತ್ತಿದ್ದ.

ಆ ಸೋಮವಾರ, ಹಾಲು ಕೆಟ್ಟ ಬೆಳಿಗ್ಗೆಯೂ, ಮುದುಕ ಕೇಳಿದ. ಅವನು ಗಾಳಿಯನ್ನು ಎಳೆದುಕೊಂಡು ನೋಡಿ, "ನಿಂಬೆ ಇರಬೇಕು ಗುರುಗಳೇ," ಅಂದ.

"ಇರಬೇಕು ಅಂದ್ರೆ?" ಮುದುಕ ಕನ್ನಡಕದ ಮೇಲಿಂದ ನೋಡಿದ.

"ನಿಂಬೆ," ಅಂದ.

ಹಿಂದಿನ ದಿನ ಗಂಟಲು ಕೆರೆದಿತ್ತು, ಮೈ ಸ್ವಲ್ಪ ಬೆಚ್ಚಗಾಗಿತ್ತು. ಆ ವರ್ಷ ಊರೆಲ್ಲ ಓಡಾಡುತ್ತಿದ್ದ ಜ್ವರವೇ ಇರಬೇಕೆಂದು ಅನಿಸಿದ್ದರೂ ಒಂದು ಮಾತ್ರೆ ನುಂಗಿ ಸುಮ್ಮನಾಗಿದ್ದ. ಸುಸ್ತೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡ. ಎರಡು ದಿನ ತಳ್ಳಿದರೆ ಸರಿಹೋಗುತ್ತದೆ.

ತಳ್ಳುವ ದಾರಿ ಹತ್ತು ಗಂಟೆಗೆ ಮೆಟ್ಟಿಲು ಹತ್ತಿ ಬಂತು. ಸೋಪಿಗೆ ಕಾಗದ ಸುತ್ತುವ ವಿಭಾಗದ ಹೆಂಗಸು, ಎಲ್ಲರ ಬಾಯಲ್ಲಿ ಪ್ಯಾಕಿಂಗಕ್ಕ, ಹಸಿರು ಚೀಟಿಗಳನ್ನು ಒಯ್ಯಲು ಬಂದಿದ್ದಳು.

"ಅಕ್ಕಾ, ಇಪ್ಪತ್ತು ವರ್ಷ ಸೋಪು ಸುತ್ತಿದ್ದೀಯ. ಕಣ್ಮುಚ್ಚಿ ಹೇಳು ನೋಡೋಣ, ಇವೆರಡೂ ಒಂದೇನಾ?"

"ಈ ವಯಸ್ಸಲ್ಲಿ ಪರೀಕ್ಷೆ ಬೇರೆ! ಫೇಲಾದ್ರೆ?"

"ಟೀ ಕೊಡಿಸು."

"ಪಾಸಾದ್ರೆ?"

"ನಿನ್ನನ್ನೇ ಮೂಗು ಅಂತ ಕರೀತೀವಿ."

ಅವಳು ಕೈ ಒರೆಸಿಕೊಂಡು, ಮಗುವಿನ ಕೆನ್ನೆಗೆ ಬಾಗಿದಂತೆ ಸೋಪಿಗೆ ಬಾಗಿದಳು. "ಇದು ಸರಿ. ಇದು... ಸ್ವಲ್ಪ ಸಪ್ಪೆ." ಅವನು ಕೆಂಪು ಚೀಟಿ ಹರಿದು ಅವಳ ಕೈಗಿಟ್ಟ. "ಅಯ್ಯೋ, ನಾನು ಪಾಸು!" ಎಂದು ಅವಳು ಕೆಳಗಿಳಿಯುವಾಗ ಇಡೀ ಮಹಡಿಗೆ ಕೇಳಿಸಿತು. ಆ ದಿನ ಹನ್ನೆರಡು ಬ್ಯಾಚಿಗೆ ಹನ್ನೆರಡು ಸಲ ಪರೀಕ್ಷೆ ನಡೆಯಿತು.

ಮನೆಯಲ್ಲಿ ಬೇರೆ ಮಲಗಬೇಕೆಂದು ಅವನಿಗೆ ಹೊಳೆಯದೆ ಇರಲಿಲ್ಲ. ಬೇರೆ ಮಲಗಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಹೆಂಡತಿ ಕೈಹಿಡಿದು ದವಾಖಾನೆಗೆ ಎಳೆದೊಯ್ಯುತ್ತಾಳೆ. ದವಾಖಾನೆ ಕಾರ್ಖಾನೆಯದೇ, ಅಲ್ಲಿ ಬರೆದದ್ದು ಸಂಜೆಯೊಳಗೆ ಮೇಲ್ವಿಚಾರಕನ ಮೇಜಿನ ಮೇಲಿರುತ್ತದೆ. ಹೀಗೆ ಸರಪಳಿಯ ಒಂದು ತುದಿ ಹಾಸಿಗೆಯಲ್ಲೂ ಇನ್ನೊಂದು ತುದಿ ಗೇಟಿನ ಗೂಡಿನಲ್ಲೂ ಇತ್ತು. ಅವನು ಪಕ್ಕದಲ್ಲೇ ಮಲಗಿದ. ಬೆನ್ನು ನೋಯುತ್ತದೆಂದಾಗ ನೀವಿದ. ಮಗು ಒದೆಯಿತೆಂದು ಅವಳು ಅವನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಾಗ ಇರಲು ಬಿಟ್ಟ. ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಅವಳಿಗೆ ಜ್ವರದ ಲಸಿಕೆ ಹಾಕಿಸುವ ದಿನ ಬರೆದಿತ್ತು: ಬರುವ ಶನಿವಾರ.

ಮಂಗಳವಾರ ಅತ್ತೆ ಬಂದರು. ಹೆರಿಗೆಗೆ ಇನ್ನೂ ಆರೇಳು ವಾರವಿದ್ದರೂ ತಡೆಯಲಾರದೆ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ಹೊಸ್ತಿಲಲ್ಲೇ ಮೂರು ಸಲ ಸೀನಿದರು.

"ಬಸ್ಸಿನ ಧೂಳು ಕಣೇ. ಅರ್ಧ ರಸ್ತೆ ನನ್ನ ಮೂಗಲ್ಲೇ ಇದೆ," ಎಂದು ಮಗಳನ್ನು ಬಳಸಿಕೊಂಡರು. ಆಮೇಲೆ ಅವನ ಕಡೆ ನೋಡಿ, "ಅಳಿಯಂದ್ರು ಯಾಕೋ ಬಾಡಿದ್ದಾರಲ್ಲ," ಅಂದರು.

"ಕೆಲಸ ಜಾಸ್ತಿ, ಅತ್ತೆ."

"ಮೂಸೋದೂ ಒಂದು ಕೆಲಸ ಅಂತ ಅದಕ್ಕೂ ಸುಸ್ತಾಗ್ತೀರಲ್ಲ!" ಅತ್ತೆಗೆ ಅಳಿಯನ ಕೆಲಸ ಮೊದಲಿನಿಂದಲೂ ತಮಾಷೆ.

ಗುರುವಾರ ಬೆಳಿಗ್ಗೆ ಹೆಂಡತಿಗೆ ಜ್ವರ ಬಂತು.

ದವಾಖಾನೆಯಲ್ಲಿ ಎರಡು ಬೆಂಚು, ಒಂದು ಪರದೆ, ಒಬ್ಬ ವಯಸ್ಸಾದ ಡಾಕ್ಟರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿ ಸಣ್ಣ ಸೀಸೆಗೆ ಹಾಕಿದರು. "ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಗೊತ್ತಾಗೋಕೆ ಎರಡು ದಿನ. ಮನೇಲಿ ಯಾರಿಗಾದ್ರೂ ಜ್ವರ, ನೆಗಡಿ, ಗಂಟಲು ನೋವು ಇತ್ತಾ?"

ಪರದೆ ಪೂರ್ತಿ ಮುಚ್ಚಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಪ್ಯಾಕಿಂಗಕ್ಕ ಬೆರಳಿಗೆ ಪಟ್ಟಿ ಹಾಕಿಸಿಕೊಳ್ಳಲು ಕೂತಿದ್ದಳು. ಅವನನ್ನು ನೋಡಿ ತನ್ನ ಮೂಗಿನ ತುದಿ ಮುಟ್ಟಿ ತೋರಿಸಿ ನಕ್ಕಳು.

"ಇಲ್ಲ," ಅಂದ ಅವನು.

"ನಾನು ಸೀನಿದೆ ಡಾಕ್ಟ್ರೇ, ಬಂದ ದಿನ," ಅಂದರು ಅತ್ತೆ. ಡಾಕ್ಟರು ಅವರ ಗಂಟಲಿಗೆ ಬೆಳಕು ಬಿಟ್ಟು ನೋಡಿದರು, ಹಣೆ ಮುಟ್ಟಿ ನೋಡಿದರು. "ನಿಮ್ದು ಧೂಳಮ್ಮ." ಆಮೇಲೆ ಮೇಜಿನ ಖಾನೆ ಎಳೆದು ಒಳಗೆ ನೋಡಿ ಮತ್ತೆ ಮುಚ್ಚಿದರು. "ಈ ಜ್ವರದ ಮಾತ್ರೆ ನನ್ನ ಹತ್ರ ಇರೋದೇ ಎರಡು ಪಟ್ಟಿ. ಮನೇಲಿ ಕಾಯಿಲೆಯವರಿರೋ ಬಸುರಿಯರಿಗೆ ಕಾಯದೆ ಕೊಡಿ, ಉಳಿದವರಿಗೆ ಪರೀಕ್ಷೆ ಆದ ಮೇಲೆ ಕೊಡಿ ಅಂತ ಮೇಲಿನಿಂದ ಹೇಳಿದ್ದಾರೆ. ನಿಮಗೆ ಎರಡು ದಿನ ಕಾಯೋಣ. ಉಸಿರು ಕಟ್ಟಿದ ಹಾಗೆ ಆದ್ರೆ ಮಾತ್ರ ಒಂದು ಗಳಿಗೆನೂ ಕಾಯ್ಬೇಡಿ."

ಖಾನೆ ಮುಚ್ಚಿದ ಸದ್ದು ಅವನಿಗೆ ಕೇಳಿಸಿತು. ಬಾಯಿ ತೆರೆಯಲು ಆಗಲೂ ಹೊತ್ತಿತ್ತು. ಡಾಕ್ಟರು ಕೈ ತೊಳೆಯುತ್ತಿದ್ದರು, ಅತ್ತೆ ಚೀಲ ಹುಡುಕುತ್ತಿದ್ದರು, ಹೆಂಡತಿ ಚಪ್ಪಲಿಗೆ ಕಾಲು ತೂರಿಸಲು ಅವನ ಭುಜ ಹಿಡಿದುಕೊಂಡಿದ್ದಳು. ಭುಜದ ಮೇಲೆ ಅವಳ ಅಂಗೈ ಕಾದ ಹೆಂಚಿನಂತಿತ್ತು. ಅವನು ಚಪ್ಪಲಿಯನ್ನು ಸರಿಮಾಡಿ ಕೊಟ್ಟ.

ಶನಿವಾರ ಮಧ್ಯಾಹ್ನ ಅವಳು ಮಂಚದ ಅಂಚಿನಲ್ಲಿ ಎರಡೂ ಕೈ ಊರಿಕೊಂಡು ಕೂತಿದ್ದಳು. ಒಂದೇ ಉಸಿರಿನಲ್ಲಿ ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬರುತ್ತಿದ್ದವಳು. ಮದುವೆಯಾದ ಹೊಸತರಲ್ಲಿ ಅವನು ದಂಡೆಯ ಮೇಲೆ ನಿಂತು, ಮುಳುಗಿಯೇ ಹೋದಳೇನೋ ಎಂದು ಬೂಟು ಕಳಚಲು ಹೋಗಿ ಮಕ್ಕಳ ನಗೆಗೆ ಗುರಿಯಾಗಿದ್ದ.

"ಎಣಿಸು," ಅಂದಳು. "ಹಿಡಿದು... ನೋಡ್ತೀನಿ."

ಅವನು ಎಣಿಸಿದ. ನಾಲ್ಕಕ್ಕೆ ಅವಳ ಬಾಯಿ ತೆರೆದುಕೊಂಡಿತು. ಎದೆಯಲ್ಲಿ ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು.

"ಐದು ವರ್ಷದ... ಮಕ್ಕಳೂ..." ಅವಳು ಮುಂದೆ ಹೇಳಲಿಲ್ಲ. ಅವನಿಗೆ ಗೊತ್ತಿತ್ತು: ಹತ್ತು ಎಣಿಸುವವರೆಗೆ ಹಿಡಿಯುತ್ತಾರೆ. ಅವಳ ಉಗುರುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಎಲ್ಲರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿದರು. ಅವನ ಹಣೆ ತಣ್ಣಗಿತ್ತು. ಅರ್ಧ ಗಂಟೆಯ ಮೇಲೆ ಹೊರಗೆ ಬಂದ ಡಾಕ್ಟರು ಅವನಿಗಿಂತ ಚಿಕ್ಕವಳು, ಮುಖದ ಮೇಲೆ ಮಾಸ್ಕಿನ ಗೆರೆ ಕೆಂಪಾಗಿ ಅಚ್ಚೊತ್ತಿತ್ತು. ನಿಂತೇ ಮಾತಾಡಿದಳು.

"ಹೊಟ್ಟೆ ಬೆಳೆದ ಹಾಗೆ ಶ್ವಾಸಕೋಶಕ್ಕೆ ಜಾಗ ಕಮ್ಮಿಯಾಗತ್ತೆ. ಇಬ್ಬರಿಗೆ ಉಸಿರಾಡಬೇಕು, ಜಾಗ ಮಾತ್ರ ಒಬ್ಬರಿಗೂ ಸಾಲಲ್ಲ. ಬೇರೆಯವರಿಗೆ ಮೂರು ದಿನದ ನೆಗಡಿಯಾಗಿ ಹೋಗೋದು ಬಸುರಿಯರಿಗೆ ಹೀಗೆ ಬಂದು ಕೂರತ್ತೆ. ಔಷಧಿ ಈಗ ಶುರು ಮಾಡಿದ್ದೀವಿ. ಮೊದಲ ಎರಡು ದಿನದಲ್ಲೇ ಬಿದ್ದಿದ್ರೆ..." ಅವಳು ಕೈಯಲ್ಲಿದ್ದ ಹಾಳೆ ತಿರುವಿದಳು. "ಇರಲಿ. ಮನೇಲಿ ಮೊದಲು ಯಾರಿಗೆ ಬಂದಿತ್ತು?"

"ನನಗೆ," ಅಂದರು ಅತ್ತೆ. ಧ್ವನಿ ಗಟ್ಟಿಯಾಗಿತ್ತು. "ನಾನೇ ತಂದಿದ್ದು. ಬಸ್ಸಲ್ಲಿ ಪಕ್ಕದವನು ಕೆಮ್ತಾನೇ ಇದ್ದ."

ಡಾಕ್ಟರು ಅವನ ಕಡೆ ನೋಡಿದಳು.

"ಹೂಂ. ಬಂದ ದಿನ ಸೀನ್ತಾ ಇದ್ರು," ಅಂದ ಅವನು.

ಅದು ಸುಳ್ಳಲ್ಲ. ಡಾಕ್ಟರು ಬರೆದುಕೊಂಡಳು.

ಮರುದಿನ ಮಧ್ಯಾಹ್ನ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು, ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ತಾಯಿಯ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಕಟ್ಟಿದರು. ಒಂದೇ ಮಹಡಿಯ ಎರಡು ತುದಿಗಳಲ್ಲಿ ಇಬ್ಬರೂ. ನಡುವೆ ಉದ್ದನೆಯ ಓಣಿ, ಓಣಿಯಲ್ಲಿ ಒಂದು ಬೆಂಚು, ಎದುರಿಗೆ ಕೈ ತೊಳೆಯುವ ತೊಟ್ಟಿ.

ಆ ಬೆಂಚಿನಲ್ಲಿ ಅತ್ತೆ ಕೂತರು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು, ಎರಡೂ ಕೈ ಶಾಲಿನೊಳಗೆ. ಮೊಮ್ಮಗಳನ್ನು ನೋಡಿ ಬನ್ನಿ ಎಂದು ನರ್ಸುಗಳು ಕರೆದರೆ ತಲೆ ಅಲ್ಲಾಡಿಸುತ್ತಿದ್ದರು.

"ಗಾಜಿನಾಚೆಯಿಂದ ನೋಡೋಕೇನು ಅಜ್ಜಿ?"

"ಬೇಡಮ್ಮ. ಒಂದು ಸೀನಿಗೇ ಇಷ್ಟಾಯ್ತು."

"ನಿಮ್ಮ ಸೀನು ಮುಗಿದು ಎಷ್ಟು ದಿನ ಆಯ್ತು!"

"ನನ್ನ ಮೇಲೆ ನನಗೆ ನಂಬಿಕೆ ಇಲ್ಲ ಕಣಮ್ಮ."

ಅವನಿಗೆ ಟೀ ತಂದುಕೊಡುವುದು ಬಿಟ್ಟಿದ್ದರು. ಟೀ ಬೇಕಾದರೆ ನೀವೇ ತಗೊಳ್ಳಿ, ನಾನು ಮುಟ್ಟಿದ್ದು ಬೇಡ ಎನ್ನುತ್ತಿದ್ದರು. ಅವನು ತಾನೇ ಹೋಗಿ ಎರಡು ಲೋಟ ತರುತ್ತಿದ್ದ. ಒಂದನ್ನು ಅವರ ಪಕ್ಕ ಇಟ್ಟರೆ, ಅವನು ಅತ್ತ ಸರಿದ ಮೇಲೆ ಮುಖ ಗೋಡೆಯ ಕಡೆ ತಿರುಗಿಸಿ, ಮಾಸ್ಕು ಎತ್ತಿ ಕುಡಿಯುತ್ತಿದ್ದರು. ಹಾಗೆ ತಿರುಗಿದ ಬೆನ್ನನ್ನು ಅವನು ಏಳು ದಿನ ನೋಡಿದ. ಪ್ರತಿ ಸಲವೂ ಹೇಳಬೇಕೆಂದುಕೊಂಡ. ಅವಳ ಕೊಳವೆ ತೆಗೆಯಲಿ, ಆಮೇಲೆ ಹೇಳುತ್ತೇನೆ. ಈಗ ಹೇಳಿದರೆ ಯಾರಿಗೇನು ಲಾಭ. ಅತ್ತೆ ಗಟ್ಟಿ ಜೀವ. ಇಂಥ ವಾಕ್ಯಗಳನ್ನು ಅವನು ಒಂದರ ಪಕ್ಕ ಒಂದಿಟ್ಟು ಎಲ್ಲಕ್ಕೂ ಹಸಿರು ಚೀಟಿ ಕೊಟ್ಟ.

ನಡುವೆ ಒಮ್ಮೆ ಪ್ಯಾಕಿಂಗಕ್ಕ ಫೋನು ಮಾಡಿದ್ದಳು. "ಮನೆಯವರು ಹುಷಾರಾಗ್ಲಿ ಮೊದಲು. ಇಲ್ಲಿ ಚಿಂತೆ ಬೇಡ. ನೀವು ನನ್ನ ಮೂಗನ್ನ ಹೊಗಳಿದ್ದು ಮೇಲ್ವಿಚಾರಕರ ಕಿವಿಗೆ ಬಿದ್ದು ನನ್ನನ್ನೇ ಮೇಜಿಗೆ ಕೂರಿಸಿದ್ದಾರೆ! ಗೇಟಿನ ಅಜ್ಜ ಕೂಡ 'ಏನು ಮೂಗಮ್ಮ' ಅಂತಾನೆ. ನೀವು ಬರೋವರೆಗೆ ಮಾತ್ರ ಮಾರಾಯ್ರೆ, ಬೇಜಾರು ಮಾಡ್ಕೋಬೇಡಿ." ಬೇಜಾರಿಲ್ಲ ಅಕ್ಕ, ಅಂದ. ನಿಜವಾಗಿಯೂ ಇರಲಿಲ್ಲ. ಯಾವ ಮೇಜಿಗಾಗಿ ಬಾಯಿ ಮುಚ್ಚಿಕೊಂಡಿದ್ದನೋ ಆ ಮೇಜು ಈಗ ಬೇರೆ ಯಾರದೋ ಮನೆಯದಂತೆ ಕಾಣುತ್ತಿತ್ತು.

ಮುಂದಿನ ಶನಿವಾರ ಗಂಟಲ ಕೊಳವೆ ತೆಗೆದರು. ಮೂಗಿಗೆ ಸಣ್ಣ ಪೈಪು ಉಳಿಯಿತು. ಸೋಂಕು ಕಳೆದಿದೆ, ಆದರೆ ಇನ್ನೊಂದು ವಾರ ಜೋಪಾನ ಎಂದರು. ಮಗುವನ್ನು ಪೆಟ್ಟಿಗೆಯಿಂದ ಹೊರಗೆ ತರುವಂತಿರಲಿಲ್ಲ, ಅವಳು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಕ್ಕಳ ವಿಭಾಗದ ನರ್ಸು ಅಂಗೈಯಗಲದ ಎರಡು ಹತ್ತಿಬಟ್ಟೆ ತಂದಳು, ಒಂದು ಹಳದಿ, ಒಂದು ಬಿಳಿ.

"ಹಳದಿ ಮಗು ಪಕ್ಕ ಇಟ್ಟಿರ್ತೀವಿ, ಬಿಳೀದು ತಾಯಿ ಎದೆ ಮೇಲೆ. ದಿನಕ್ಕೆರಡು ಸಲ ಅದಲು ಬದಲು. ತಾಯಿ ವಾಸನೆ ಸಿಕ್ಕಿದ್ರೆ ಮಗು ಅಳೋದು ಕಮ್ಮಿ, ಮಗು ವಾಸನೆ ಸಿಕ್ಕಿದ್ರೆ ತಾಯಿಗೆ ಹಾಲು ಇಳಿಯತ್ತೆ. ಕೈ ಚೆನ್ನಾಗಿ ತೊಳ್ಕೊಂಡು ಹಿಡ್ಕೊಳ್ಳಿ, ಬಿಸಿ ಆರೋದ್ರೊಳಗೆ ತಲುಪಿಸಿ. ಯಾರು ಓಡಾಡ್ತೀರಾ? ಅಜ್ಜಿನಾ?"

ಅತ್ತೆ ಕೈಗಳನ್ನು ಶಾಲಿನೊಳಗೆ ಇನ್ನೂ ಆಳಕ್ಕೆ ಎಳೆದುಕೊಂಡರು.

"ನಾನು," ಅಂದ ಅವನು.

ಮೊದಲ ಎರಡು ದಿನ ಅವಳಿಗೆ ಎಚ್ಚರ ಅಷ್ಟಕ್ಕಷ್ಟೇ. ಬಟ್ಟೆಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಹಾಗೇ ನಿದ್ದೆ ಹೋಗುತ್ತಿದ್ದಳು. ಸೋಮವಾರ ಅವನು ಹಳದಿ ಬಟ್ಟೆ ಹಿಡಿದು ಒಳಗೆ ಹೋದಾಗ ದಿಂಬಿಗೊರಗಿ ಕೂತಿದ್ದಳು. ಕೂದಲನ್ನು ಯಾರೋ ಬಾಚಿದ್ದರು. ಧ್ವನಿ ಇನ್ನೂ ಮರಳು ಉಜ್ಜಿದಂತಿತ್ತು.

"ಬಂದ್ಯಾ ಮೂಗಪ್ಪಾ." ಒಂದು ಉಸಿರು. "ಕೂತ್ಕೋ. ಕೊಡ್ಬೇಡ ಇನ್ನೂ. ನನಗೆ ಬರೀ ಈ ಪೈಪಿನ ಗಾಳಿ, ಪ್ಲಾಸ್ಟಿಕ್ಕು. ಏನೂ ತಿಳಿಯಲ್ಲ." ಇನ್ನೊಂದು ಉಸಿರು. "ನೀನು ಹೇಳು. ಅವಳ ವಾಸನೆ ಹೇಗಿದೆ?"

ಅವನು ಬಟ್ಟೆಯನ್ನು ನೋಡಿದ.

"ಕಾರ್ಖಾನೆ ಭಾಷೆ ಬೇಡ. ನನಗೆ ತಿಳಿಯೋ ಹಾಗೆ ಹೇಳು."

ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಬಟ್ಟೆಯನ್ನು ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ. ಹೇಳಲು ಅವನ ಬಳಿ ಬೇಕಾದಷ್ಟಿತ್ತು. ಬಿಸಿಲಿಗೆ ಒಣಗಿದ ಬಟ್ಟೆ, ಆಗತಾನೇ ಕೊಯ್ದ ಬ್ರೆಡ್ಡಿನ ಒಳಭಾಗ, ನೆನೆದ ಅಕ್ಕಿ. ಒಂಬತ್ತು ವರ್ಷ ಕೂಡಿಟ್ಟ ಮಾತುಗಳು. ಯಾವುದನ್ನು ಕೊಟ್ಟರೂ ಅವಳು ತೆಗೆದುಕೊಳ್ಳುತ್ತಿದ್ದಳು, ಕಣ್ಣು ಮುಚ್ಚಿ ಅದನ್ನೇ ಮಗಳೆಂದುಕೊಳ್ಳುತ್ತಿದ್ದಳು. ಬೆಚ್ಚಗಿನ ಹಾಲಿನ ಥರ ಎಂದು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

"ಗೊತ್ತಾಗ್ತಿಲ್ಲ," ಅಂದ.

"ಸರಿಯಾಗಿ ಎಳಿ."

"ಎಳೆದೆ. ನನಗೆ ವಾಸನೆ ಗೊತ್ತಾಗ್ತಿಲ್ಲ."

ಅವಳ ಮುಖದಲ್ಲಿ ನಗು ಇನ್ನೂ ಇತ್ತು. "ಮೂಗಪ್ಪನಿಗೂ ನೆಗಡಿನಾ? ಯಾವಾಗಿಂದ?"

"ಆ ಸೋಮವಾರದಿಂದ."

"ಯಾವ ಸೋಮವಾರ?"

"ಹಾಲು," ಅಂದ ಅವನು.

ತಲೆಯ ಬಳಿಯ ಯಂತ್ರದ ಪರದೆಯಲ್ಲಿ ಅವಳ ಆಮ್ಲಜನಕದ ಹಸಿರು ಅಂಕೆ ತೊಂಬತ್ತೈದಾಗಿ, ತೊಂಬತ್ತನಾಲ್ಕಾಗಿ, ಮತ್ತೆ ತೊಂಬತ್ತೈದಾಯಿತು. ಅವನು ಅದನ್ನೇ ನೋಡುತ್ತಿದ್ದ. ಅವಳ ನಗು ಎಲ್ಲಿ ನಿಂತಿತೆಂದು ನೋಡಲಿಲ್ಲ.

"ಗುರುವಾರ ಡಾಕ್ಟರು ಕೇಳಿದ್ರು," ಅಂದಳು.

"ಹೂಂ."

"ಎರಡೇ ಪಟ್ಟಿ ಇದೆ ಅಂದ್ರು."

"ಹೂಂ."

"ನೀನು ಅಲ್ಲೇ ನಿಂತಿದ್ದೆ."

ಅವಳು ಬೈಯಲಿಲ್ಲ. ಬೈಯಲು ಬೇಕಾದಷ್ಟು ಉಸಿರು ಅವಳಲ್ಲಿ ಇರಲಿಲ್ಲವೋ, ಇದ್ದ ಉಸಿರನ್ನು ಅವನ ಮೇಲೆ ಖರ್ಚು ಮಾಡಲು ಇಷ್ಟವಿರಲಿಲ್ಲವೋ. ಕಿಟಕಿಯ ಕಡೆ ತಿರುಗಿದಳು.

"ಅಮ್ಮ ಇನ್ನೂ ಮಗುನ ನೋಡಿಲ್ಲವಂತೆ," ಅಂದಳು. "ನರ್ಸ್ ಹೇಳಿದ್ರು. ಯಾವುದಕ್ಕೋ ಹಟ ಮಾಡ್ತಿದ್ದಾಳೆ ಅಂದ್ಕೊಂಡೆ."

"ತನ್ನಿಂದ ಬಂತು ಅಂತ."

"ಅವಳಿಂದ ಅಂತ ಯಾರು ಹೇಳಿದ್ದು?"

"ಅವರೇ." ಆಮೇಲೆ, "ನಾನೂ ಹೂಂ ಅಂದೆ," ಅಂದ.

ಆಗ ಅವಳು ಅವನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಕೊಳದಲ್ಲಿ ಮಗುವೊಂದು ಇನ್ನೊಂದನ್ನು ನೀರಿಗೆ ತಳ್ಳಿ, ತಾನಲ್ಲ ಎಂದಾಗ ಅವಳು ಹೀಗೇ ನೋಡುತ್ತಿದ್ದಳು, ಮಗು ತಾನಾಗಿಯೇ ಬಾಯಿ ಬಿಡುವವರೆಗೆ. ಕೈ ಚಾಚಿ ಅವನ ಕೈಯಿಂದ ಹಳದಿ ಬಟ್ಟೆ ತೆಗೆದುಕೊಂಡಳು. ನಿಲುವಂಗಿಯ ಒಳಗಿಂದ ಬಿಳಿ ಬಟ್ಟೆಯನ್ನು ಎಳೆದಳು. ಅವನು ಎರಡೂ ಅಂಗೈ ಚಾಚಿದ. ಬೆರಳಿಗೆ ಬೆರಳು ತಾಗದಂತೆ ಮೇಲಿಂದ ಬಿಟ್ಟಳು.

"ಮೊದಲು ಅಮ್ಮ," ಅಂದಳು. "ಆಮೇಲೆ ಮಗು."

ಓಣಿಯಲ್ಲಿ ಮಧ್ಯಾಹ್ನದ ಊಟದ ಗಾಡಿ ಹೋಗುತ್ತಿತ್ತು. ಅದು ದಾಟುವವರೆಗೆ ಅವನು ಗೋಡೆಗೆ ಒತ್ತಿ ನಿಂತ. ಬೆಂಚಿನಲ್ಲಿದ್ದ ಅತ್ತೆ ಅವನನ್ನು ಕಂಡು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು.

"ನಡೀರಿ, ನಡೀರಿ. ಬಿಸಿ ಆರತ್ತೆ."

ಅವನು ನಿಂತ. "ಅತ್ತೆ."

"ಆಮೇಲೆ ಮಾತಾಡೋಣ. ಮಗು ಕಾಯ್ತಿರತ್ತೆ."

"ನಿಮ್ಮ ಸೀನಿಂದ ಬಂದಿದ್ದಲ್ಲ ಅತ್ತೆ."

ಹೇಳಿದ. ಇಷ್ಟು ದಿನ ಜೋಡಿಸಿ ಬಿಚ್ಚಿದ್ದ ಮಾತು ನಾಲ್ಕು ವಾಕ್ಯದಲ್ಲಿ ಮುಗಿಯಿತು. ಭಾನುವಾರ ಗಂಟಲು ಕೆರೆದದ್ದು, ಸೋಮವಾರ ವಾಸನೆ ಹೋದದ್ದು, ಅವರು ಬಸ್ಸು ಹತ್ತುವ ಮೊದಲೇ ಕಾಯಿಲೆ ಮನೆಯಲ್ಲಿದ್ದದ್ದು, ಅದು ತನಗೆ ಗೊತ್ತಿದ್ದದ್ದು. ಕೆಲಸದ ಮಾತು ಎತ್ತಬೇಕೆಂದು ಬಾಯಿ ತೆರೆದವನು ಎತ್ತಲಿಲ್ಲ.

ಅತ್ತೆ ಅವನ ಮುಖ ನೋಡಲಿಲ್ಲ. ಅವನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ನೋಡುತ್ತ ಕೇಳಿಸಿಕೊಂಡರು.

"ಅವತ್ತು ಡಾಕ್ಟರಮ್ಮನ ಮುಂದೆ," ಅಂದರು ಕೊನೆಗೆ, "ನೀವೂ ಹೂಂ ಅಂದ್ರಿ."

"ಅಂದೆ."

ಅವರು ತಲೆಯಾಡಿಸಿದರು. ಲೆಕ್ಕ ಸರಿಯಿದೆ ಎನ್ನುವಂತೆ, ಅಷ್ಟೇ. ಆಮೇಲೆ ಕೈಗಳನ್ನು ಶಾಲಿನಿಂದ ಹೊರಗೆ ತೆಗೆದರು. ಬಹಳ ದಿನ ಬೆಳಕು ಕಾಣದೆ ಬಿಳಿಚಿದ್ದ ಕೈಗಳು. ಶಾಲನ್ನು ತೆಗೆದು ಮಡಿಚಿ ಬೆಂಚಿನ ಮೇಲಿಟ್ಟು, ಎದ್ದು ಎದುರಿನ ತೊಟ್ಟಿಗೆ ಹೋದರು. ಬಳೆ ಮೇಲಕ್ಕೇರಿಸಿ ನಲ್ಲಿ ತಿರುಗಿಸಿದರು. ಸೋಪು ಹಚ್ಚಿಕೊಂಡು ಅಂಗೈ ಉಜ್ಜಿದರು, ಹಿಂಗೈ ಉಜ್ಜಿದರು, ಒಂದೊಂದೇ ಬೆರಳಿನ ಸಂದಿಯಲ್ಲಿ ಇನ್ನೊಂದು ಕೈಯ ಬೆರಳು ತೂರಿಸಿ ಉಜ್ಜಿದರು. ಅವಸರವೇ ಇರಲಿಲ್ಲ.

ಅವನು ಅವರ ಬೆನ್ನ ಹಿಂದೆ ನಿಂತು ಕಾದ. ಬಟ್ಟೆ ತಣ್ಣಗಾಗದಿರಲೆಂದು ಎರಡು ಅಂಗೈಗಳ ನಡುವೆ ಮುಚ್ಚಿ ಹಿಡಿದುಕೊಂಡಿದ್ದ. ನೀರು ಸುರಿಯುತ್ತಲೇ ಇತ್ತು. ಬಟ್ಟೆಯಲ್ಲಿ ಇನ್ನೂ ಬಿಸಿ ಇತ್ತು.